ಎಂಟು ಹಾಡು ಹಾಡಿ ಅಂಗಡಿ ಮುಚ್ಚಿದವರು

ರಾತ್ರಿ ಬಸ್ಸು ಹತ್ತಿದವರು ‘ಭೀಗಿ ಭೀಗಿ’ ಹಾಡು ಕೇಳಿಯೇ ಇಲ್ಲ ಅನ್ನೋ ಹಾಗಿಲ್ಲ. 2006ರಲ್ಲಿ ಬಂದ ‘ಗ್ಯಾಂಗ್‌ಸ್ಟರ್’ ಎಂಬ ಹಿಂದಿ ಚಿತ್ರದ್ದು. ಸಂಗೀತ ಪ್ರೀತಮ್, ಹಾಡಿದಾತ ಬಾಂಗ್ಲಾದೇಶದ ಜೇಮ್ಸ್. ಡ್ರೈವರ್ ಸಾಹೇಬರು ಸ್ವಲ್ಪ ಜೋರು ಮಾಡಿದರೆ ಕೊನೇ ಸೀಟಿನವರೂ ತಲೆದೂಗುವಂಥ ಹಾಡು. ಆದರೆ ಆ ಧಾಟಿ ಹುಟ್ಟಿದ್ದು ಬೊಂಬಾಯಿಯಲ್ಲಲ್ಲ. ಅದಕ್ಕೆ 11 ವರ್ಷ ಮೊದಲೇ, 1995ರಲ್ಲಿ, ಕಲಕತ್ತೆಯ ಒಂದು ಬಂಗಾಳಿ ಕ್ಯಾಸೆಟ್ಟಿನಲ್ಲಿ ಅದು ಬಂದುಹೋಗಿತ್ತು. ಆ ಕ್ಯಾಸೆಟ್ಟಿನ ಮೇಲಿದ್ದ ಹೆಸರು ‘ಮೊಹಿನೇರ್ ಘೋಡಾಗುಲಿ’. ಅಂದರೆ ಮೊಹೀನನ ಕುದುರೆಗಳು.

ಹಾಡಿನ ಪಾರ್ಟಿಗೆ ಕುದುರೆಯ ಹೆಸರೇ? ಹೌದು ಸ್ವಾಮಿ, ಅದಕ್ಕೂ ಕಾರಣವಿದೆ, ಮುಂದೆ ಹೇಳ್ತೀನಿ.

ಜಿಲ್ಲೆಯ ಚರಂಡಿ, ಬಸ್ ಸ್ಟ್ಯಾಂಡು, ಪುರಸಭೆ ಅಂತ ಬರೆಯುವ ಈ ಅಂಕಣದಲ್ಲಿ ಕಲಕತ್ತೆಯ ಕುದುರೆಗಳಿಗೇನು ಕೆಲಸ ಎಂದು ಯಾರಾದರೂ ಕೇಳಬಹುದು. ಒಂದು, ಆ ಗುಂಪಿನ ಏಳು ಮಂದಿಯಲ್ಲಿ ಒಬ್ಬರು ನಮ್ಮ ಬೆಂಗಳೂರಿಗೇ ಬಂದು ನೆಲೆಸಿದ್ದರು. ಎರಡು, ಅಂಗಡಿ ಇಟ್ಟವರಿಗೆ ಇದರಲ್ಲಿ ವ್ಯಾಪಾರದ ಒಂದು ವಿಚಿತ್ರ ಲೆಕ್ಕವಿದೆ. ಅಂಗಡಿ ತೆರೆದಿದ್ದಾಗ ಸರಕು ಹೋಗಲಿಲ್ಲ. ಬಾಗಿಲು ಹಾಕಿ 14 ವರ್ಷವಾದ ಮೇಲೆ ಬೋರ್ಡಿಗೆ ಬೆಲೆ ಬಂತು. ಬಂದ ಬೆಲೆ ಯಾರ ಗಲ್ಲಾಪೆಟ್ಟಿಗೆಗೆ ಬಿತ್ತು ಅನ್ನೋದು ಬೇರೆ ಪ್ರಶ್ನೆ.

ಜೈಲು, ಔಷಧಿ ಬ್ಯಾಗು, ಗಿಟಾರು

ಈ ಗುಂಪಿಗೆ ಬೇರು ಗೌತಮ್ ಚಟ್ಟೋಪಾಧ್ಯಾಯರು. ಗೆಳೆಯರ ಬಾಯಲ್ಲಿ ಮೋನಿದಾ; ‘ದಾ’ ಅಂದರೆ ಬಂಗಾಳಿಯಲ್ಲಿ ಅಣ್ಣ. ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದವರು. 1960ರ ದಶಕದ ಕೊನೆಗೆ ಆ ಊರಿನ ಕಾಲೇಜು ಹುಡುಗರಿಗೆ ಎರಡು ಹುಚ್ಚು ಹತ್ತಿತ್ತು. ಒಂದು ಬೀಟಲ್ಸ್, ಇನ್ನೊಂದು ನಕ್ಸಲ್‌ಬಾರಿ. ಬಹಳ ಮಂದಿಗೆ ಇದರಲ್ಲಿ ಒಂದು ಹಿಡಿದರೆ ಗೌತಮರಿಗೆ ಎರಡೂ ಹಿಡಿದವು. ಪಾರ್ಕ್ ಸ್ಟ್ರೀಟಿನ ದೊಡ್ಡ ಹೋಟೆಲುಗಳಲ್ಲಿ ಆಂಗ್ಲೋ ಇಂಡಿಯನ್ ಹುಡುಗರ ಜೊತೆ ‘ದಿ ಅರ್ಜ್’ ಎಂಬ ತಂಡ ಸೇರಿ ಇಂಗ್ಲಿಷ್ ಹಾಡಿಗೆ ಗಿಟಾರು ಬಾರಿಸುವುದು, ಉಳಿದ ಹೊತ್ತು ಚಳವಳಿ. ಪೊಲೀಸರು ಬಿಡ್ತಾರೆಯೇ? ಹಿಡಿದು ಜೈಲಿಗೆ ಹಾಕಿದರು. ಬಿಡುವಾಗ ಪಶ್ಚಿಮ ಬಂಗಾಳದಲ್ಲಿ ಇರಕೂಡದೆಂಬ ಷರತ್ತು ಬೇರೆ. ಹಾಗಾಗಿ ಜಬಲ್ಪುರ, ಭೋಪಾಲ ಅಂತ ಅಲೆದು ಮೆಡಿಕಲ್ ರೆಪ್ರೆಸೆಂಟೇಟಿವ್ ಆದರು. ನಮ್ಮ ಊರಲ್ಲೂ ನೋಡ್ತೀವಲ್ಲ, ಟೈ ಕಟ್ಟಿಕೊಂಡು, ಬ್ಯಾಗು ಹಿಡಿದು, ರೋಗಿಗಳ ಸಾಲು ಮುಗಿಯೋವರೆಗೂ ಡಾಕ್ಟರ ಬಾಗಿಲಲ್ಲಿ ನಿಲ್ಲುವ ಹುಡುಗರು. ಅದೇ ಕೆಲಸ.

ಊರಿಗೆ ಮರಳಿದ ಮೇಲೆ, 1975ರ ಹೊತ್ತಿಗೆ, ದಕ್ಷಿಣ ಕಲಕತ್ತೆಯ ನಾಕ್‌ತಲಾದ ಮನೆಯಲ್ಲಿ ಗುಂಪು ಕೂಡಿತು. ದೇಶದಲ್ಲಿ ತುರ್ತು ಪರಿಸ್ಥಿತಿ ಬಂದ ವರ್ಷ ಅದು. ತಮ್ಮಂದಿರಾದ ಪ್ರದೀಪ್, ಬಿಶ್ವನಾಥ್, ಸಂಬಂಧದಲ್ಲಿ ಸೋದರನಾದ ರಂಜನ್ ಘೋಷಾಲ್, ಗೆಳೆಯರಾದ ತಾಪಸ್ ದಾಸ್ ಮತ್ತು ತಪೇಶ್ ಬಂದ್ಯೋಪಾಧ್ಯಾಯ, ಜೊತೆಗೆ ಪಿಟೀಲು ಪಿಯಾನೋ ಎರಡೂ ಬಲ್ಲ ಅಬ್ರಹಾಂ ಮಜುಂದಾರ್. ಏಳು ಜನ ಅಂತ ಮೊದಲು ಇಟ್ಟ ಹೆಸರು ‘ಸಪ್ತರ್ಷಿ’. ಅದು ಹೋಗಿ ‘ತೀರಂದಾಜ್’ ಆಯಿತು. ಅದೂ ಸಾಲದೆ ‘ಗೌತಮ್ ಚಟ್ಟೋಪಾಧ್ಯಾಯ ಬಿ.ಎಸ್ಸಿ. ಮತ್ತು ಸಂಪ್ರದಾಯ’ ಅಂತಲೂ ಕರೆದುಕೊಂಡರು. ಹೆಸರಿನ ಮುಂದೆ ಬಿ.ಎ., ಬಿ.ಎಲ್. ಹಚ್ಚಿಕೊಂಡು ಬೋರ್ಡು ಬರೆಸುವವರನ್ನು ಕಂಡು ಮಾಡಿದ ಕುಚೋದ್ಯ ಅಂತ ನನ್ನ ಊಹೆ. ಕೊನೆಗೆ ರಂಜನ್ ಘೋಷಾಲರು ಕವಿ ಜೀಬನಾನಂದ ದಾಸರ ಒಂದು ಕವಿತೆಯೊಳಗಿಂದ ಈ ಮೊಹೀನನ ಕುದುರೆಗಳನ್ನು ಹಿಡಿದು ತಂದರು. ಮೊಹೀನ ಯಾರು ಅಂತ ಕೇಳಬೇಡಿ; ಕವಿಗೇ ಬಿಟ್ಟದ್ದು.

ಆ ಕಾಲದ ಬಂಗಾಳದಲ್ಲಿ ಹಾಡು ಅಂದರೆ ಹೆಚ್ಚೂ ಕಡಿಮೆ ಮೂರೇ. ರವೀಂದ್ರ ಸಂಗೀತ, ಸಿನಿಮಾ ಹಾಡು, ಇನ್ನು ಹೇಮಂತ ಕುಮಾರ್, ಮನ್ನಾ ಡೇ ಅವರಂಥವರ ಭಾವದ ಹಾಡು. ದುರ್ಗಾಪೂಜೆಗೆ ಹೊಸ ಸೀರೆ ತರುವಂತೆ ಹೊಸ ರೆಕಾರ್ಡು ತರುವ ಪದ್ಧತಿ. ಎಚ್.ಎಂ.ವಿ. ಕಂಪೆನಿ ವರ್ಷ ವರ್ಷವೂ ಪೂಜೆಗೆಂದೇ ಹೊಸ ಹಾಡು ಬಿಡುಗಡೆ ಮಾಡುತ್ತಿತ್ತು. ಇಂಗ್ಲಿಷ್ ಹಾಡು ಬೇಕಾದವರಿಗೆ ಪಾರ್ಕ್ ಸ್ಟ್ರೀಟು ಇತ್ತು. ಗಿಟಾರು, ಡ್ರಮ್ಮು ಇಟ್ಟುಕೊಂಡು, ತಾವೇ ಬರೆದ ಬಂಗಾಳಿ ಪದ ಹಾಡ್ತೀವಿ ಅನ್ನುವವರಿಗೆ ಈ ಸಂತೆಯಲ್ಲಿ ಜಾಗವೇ ಇರಲಿಲ್ಲ.

ಏನಿತ್ತು ಆ ಸದ್ದಿನಲ್ಲಿ?

ಕೇಳಿದರೆ ಮೊದಲು ತಬ್ಬಿಬ್ಬಾಗ್ತದೆ. ಗಿಟಾರು ಇಂಗ್ಲಿಷಿನವರ ಹಾಗೆ ಶುರುವಾಗಿ, ಕೊಳಲು ಬಂದು ಹಳ್ಳಿಯ ದಾರಿಗೆ ಎಳೆಯುತ್ತದೆ. ಹಿಂದೆ ಪಿಟೀಲು ಚರ್ಚಿನೊಳಗೆ ನುಡಿದ ಹಾಗೆ. ನಾಲ್ಕೈದು ಗಂಡಸರ ದನಿ ಒಟ್ಟಿಗೆ, ಆದರೆ ಒಂದೇ ಸ್ವರದಲ್ಲಲ್ಲ, ಒಬ್ಬರ ಮೇಲೊಬ್ಬರು. ಗೌತಮರು ಸ್ಯಾಕ್ಸೋಫೋನನ್ನೂ ಊದುತ್ತಿದ್ದರು. ಜಾಜ್ ಅನ್ನುವ ಅಮೆರಿಕದ ಕರಿಯರ ಸಂಗೀತದ ರುಚಿ ಅಲ್ಲಿಂದ. ಇದರ ಮೇಲೆ ಬಾವುಲ್.

ಬಾವುಲ್ ಅಂದರೇನು ಅಂತ ನಮ್ಮವರಿಗೆ ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಶಿಶುನಾಳ ಷರೀಫರ ತತ್ವಪದ ಕೇಳಿದವರು ನಾವು. ಕೈಯಲ್ಲಿ ಏಕತಾರಿ, ಹಿಂದೂ ಮುಸಲ್ಮಾನ ಎಂಬ ಗೆರೆಯ ಎರಡೂ ಕಡೆ ಕಾಲು, ಮೇಲ್ನೋಟಕ್ಕೆ ಸಂಸಾರದ ಮಾತು, ಒಳಗೆ ಬೇರೆ ಅರ್ಥ. ಬಂಗಾಳದ ಹಳ್ಳಿಗಳಲ್ಲಿ ಹಾಗೆ ಹಾಡಿಕೊಂಡು ತಿರುಗುವವರು ಬಾವುಲರು. ಅವರಿಗೆ ನಾಕ್‌ತಲಾದ ಆ ಮನೆಯ ಬಾಗಿಲು ತೆರೆದಿತ್ತು. ಈ ಗುಂಪಿನ ಸದ್ದಿಗೆ ‘ಬಾವುಲ್ ಜಾಜ್’ ಅಂತ ಹೆಸರಿಟ್ಟವರುಂಟು. ಹೆಸರೇನೋ ಚೆನ್ನಾಗಿದೆ, ಆದರೆ ಹಾಗಂದರೆ ಎರಡು ಡಬ್ಬಿಯ ಸಾಮಾನು ಒಂದಕ್ಕೆ ಸುರಿದಂತೆ ಕೇಳಿಸ್ತದೆ. ಇವರು ಸುರಿದವರಲ್ಲ, ಅರೆದವರು.

ಮೊದಲ ರೆಕಾರ್ಡು ಬಂದದ್ದು 1977ರಲ್ಲಿ. ‘ಸಂಬಿಗ್ನೋ ಪಾಖಿಕುಲ್ ಓ ಕೋಲ್ಕಾತಾ ಬಿಷಯಕ್’ ಅಂತ ಮಾರುದ್ದದ ಹೆಸರು. ಕಳವಳಗೊಂಡ ಹಕ್ಕಿಗಳು ಮತ್ತು ಕಲಕತ್ತೆಯ ವಿಷಯ ಎಂದರ್ಥ. ರೆಕಾರ್ಡು ಕೊಳ್ಳಲು ಅಂಗಡಿಗೆ ಹೋದವನು ಈ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಗಿರಾಕಿ ಎರಡು ಸಿನಿಮಾ ಹಾಡು ಕಟ್ಟಿಸಿಕೊಂಡು ಹೋಗಿರುತ್ತಾನೆ! ಅದರಲ್ಲಿದ್ದದ್ದು ನಾಲ್ಕೇ ಹಾಡು. ಒಂದರಲ್ಲಿ ಪಟ್ಟಣದ ಓದಿದ ಹುಡುಗನೊಬ್ಬ ತನಗೆ ಇಷ್ಟವಾದದ್ದನ್ನೆಲ್ಲ ಎಣಿಸುತ್ತಾನೆ, ಪರದೇಶದ ಚಿತ್ರಕಾರರು, ಸಂಗೀತಗಾರರು ಎಲ್ಲ ಬಂದುಹೋಗುತ್ತಾರೆ. ಎಣಿಸಿ ಮುಗಿಸುವಾಗ ಅವನಿಗೆ ಯಾವುದೂ ರುಚಿಸದೆ ಹೋಗುತ್ತದೆ. ಜೈಲು ನೋಡಿ ಬಂದವರು ಬರೆಯಬಹುದಾದ ಹಾಡು. ಘೋಷಣೆ ಕೂಗುವುದಿಲ್ಲ, ಸಂಕಟ ಮಾತ್ರ ಇದೆ.

1978ರ ಎರಡನೆಯದು ‘ಅಜಾನಾ ಉಡಂತೋ ಬಸ್ತು’. ಗೊತ್ತಿಲ್ಲದ ಹಾರುವ ವಸ್ತು, ಅಂದರೆ ಹಾರುವ ತಟ್ಟೆ. ಎರಡು ಹಾಡು. ಮೊದಲನೆಯದರ ಮೌನ ಹೋಗಿ ಇಲ್ಲಿ ತುಂಟತನ ಬಂತು. 1979ರ ‘ದೃಶ್ಯಮಾನ್ ಮೊಹಿನೇರ್ ಘೋಡಾಗುಲಿ’ಯಲ್ಲಿ ಮತ್ತೆ ಎರಡು. ಅಷ್ಟು ಹೊತ್ತಿಗೆ ತಪೇಶ್ ಬಿಟ್ಟು, ರಾಜಾ ಬ್ಯಾನರ್ಜಿ ಸೇರಿದ್ದರು. ನನ್ನ ಕಿವಿಗೆ ಮೂರರಲ್ಲೂ ಇದೇ ಹದವಾದದ್ದು. ಸಾವಿನ ಬಗ್ಗೆ ಹಾಡುವಾಗಲೂ ಅಳು ಇಲ್ಲ.

ಮೂರು ರೆಕಾರ್ಡು, ಎಂಟು ಹಾಡು. ಮುಗಿಯಿತು. ಜನ ‘ಇದೇನಪ್ಪಾ ಗದ್ದಲ’ ಅಂದರು. ಕೊಂಡವರು ಕಡಿಮೆ. ಕಾರ್ಯಕ್ರಮ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಹೊಟ್ಟೆಪಾಡು ಕೇಳಬೇಕಲ್ಲ? 1981ಕ್ಕೆ ಗುಂಪು ಚದುರಿತು. ಗೌತಮರು ಸಿನಿಮಾಕ್ಕೆ ಹೋದರು. ಅವರು ತೆಗೆದ ‘ನಾಗಮೋತಿ’ಗೆ ಅತ್ಯುತ್ತಮ ಬಂಗಾಳಿ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು. ಅಬ್ರಹಾಂ ಮಜುಂದಾರರು ಕಲಕತ್ತೆಯಲ್ಲೇ ಸಂಗೀತ ಶಾಲೆ ಕಟ್ಟಿದರು. ರಂಜನ್ ಘೋಷಾಲರು ಬೆಂಗಳೂರಿಗೆ ಬಂದು ‘ಫೋರಂ ತ್ರೀ’ ಎಂಬ ತಂಡ ಕಟ್ಟಿ ನಾಟಕ ಮಾಡಿಸಿದರು. 2020ರ ಜುಲೈನಲ್ಲಿ ತೀರಿಕೊಂಡರು.

ಹಾಡಿಗೂ ಒಬ್ಬ ಸಂಪಾದಕ

ಇಲ್ಲಿಗೆ ನಿಂತಿದ್ದರೆ ಇವರ ವಿಷಯ ಯಾವನೂ ಬರೆಯುತ್ತಿರಲಿಲ್ಲ. 1992ರಲ್ಲಿ ಸುಮನ್ ಚಟ್ಟೋಪಾಧ್ಯಾಯ ಎಂಬುವರು ಒಬ್ಬರೇ ಗಿಟಾರು ಹಿಡಿದು ‘ತೋಮಾಕೆ ಚಾಯ್’ ಕ್ಯಾಸೆಟ್ ತಂದರು. ಬಂಗಾಳದ ಮಧ್ಯಮ ವರ್ಗದ ಕಿವಿ ಒಂದೇ ಪೆಟ್ಟಿಗೆ ತೆರೆಯಿತು. ಸಿನಿಮಾದ್ದಲ್ಲದ, ದಿನನಿತ್ಯದ ಮಾತಿನ ಹಾಡಿಗೂ ಗಿರಾಕಿ ಇದ್ದಾರೆ ಅಂತ ಕ್ಯಾಸೆಟ್ ಕಂಪೆನಿಗಳಿಗೆ ಗೊತ್ತಾಯಿತು. ಕಾಲೇಜು ಹುಡುಗರು ಆ ಎಂಟು ಹಾಡನ್ನೂ ಬಾಯಿಂದ ಬಾಯಿಗೆ ಕಲಿತಿದ್ದರು.

1995ರ ಕಲಕತ್ತಾ ಪುಸ್ತಕ ಮೇಳದಲ್ಲಿ ‘ಆಬಾರ್ ಬೊಛೋರ್ ಕುಡಿ ಪರೇ’ ಹೊರಬಂತು. ಇಪ್ಪತ್ತು ವರ್ಷದ ಮೇಲೆ ಮತ್ತೆ ಎಂದರ್ಥ. ಇದೂ ಜೀಬನಾನಂದರಿಂದಲೇ ಎತ್ತಿದ ಹೆಸರು. ಆದರೆ ಗಮ್ಮತ್ತು ನೋಡಿ. ಕ್ಯಾಸೆಟ್ಟಿನ ಮೇಲೆ ‘ಮೊಹಿನೇರ್ ಘೋಡಾಗುಲಿ ಸಂಪಾದಿತ’ ಅಂತ ಇತ್ತು! ಪತ್ರಿಕೆಗೆ ಸಂಪಾದಕರಿರುವುದು ಗೊತ್ತು, ನಾನು ಬರೆದದ್ದರಲ್ಲಿ ಅರ್ಧ ಹೊಡೆದು ಹಾಕುವುದೂ ಗೊತ್ತು. ಹಾಡಿಗೆ ಸಂಪಾದಕನೇ? ವಿಷಯ ಇಷ್ಟೇ. ಗೌತಮರು ಹಳೇ ಏಳು ಜನರನ್ನು ಮತ್ತೆ ಕೂರಿಸಲಿಲ್ಲ. ಊರಿನಲ್ಲಿ ಯಾರ್ಯಾರು ಹೊಸದಾಗಿ ಹಾಡು ಕಟ್ಟುತ್ತಿದ್ದರೋ ಆ ಹುಡುಗರನ್ನೆಲ್ಲ ಕರೆದು ತಮ್ಮ ಬೋರ್ಡಿನ ಕೆಳಗೆ ನಿಲ್ಲಿಸಿದರು. ಅರುಣೇಂದು ದಾಸ್ ಎಂಬ ಹಿರಿಯ ಗಿಟಾರಿಗರ ಮರೆತ ಹಾಡುಗಳಿಗೂ ಜಾಗ ಕೊಟ್ಟರು. 1996ರಲ್ಲಿ ‘ಝರಾ ಸಮಯೇರ್ ಗಾನ್’, 1997ರಲ್ಲಿ ‘ಮಾಯಾ’, ಆಮೇಲೆ ‘ಖ್ಯಾಪಾರ್ ಗಾನ್’, ಹೀಗೆ ನಾಲ್ಕು.

ಸದ್ದು ಬದಲಾಯಿತು. ಸುಳ್ಳು ಯಾಕೆ ಹೇಳಲಿ, 1977ರ ಆ ಅಂಕುಡೊಂಕು ಈ ಕ್ಯಾಸೆಟ್ಟುಗಳಲ್ಲಿ ಇಲ್ಲ. ಹಲವರ ಕೈ, ಹಲವರ ದನಿ. ಕೆಲವು ಹಾಡು ಎರಡನೇ ಸಲಕ್ಕೆ ಸಪ್ಪೆ. ಆದರೆ ಮಾತು ತಿಳಿಯಾಯಿತು, ಧಾಟಿ ಬೀದಿಗಿಳಿಯಿತು. ಬಸ್ಸಿನಲ್ಲಿ ಗುನುಗಬಹುದಾದ ಹಾಡು ಸಿಕ್ಕಿತು. ಅಂಥದರಲ್ಲಿ ಒಂದು ಗೌತಮರದೇ ‘ಪೃಥಿಬೀಟಾ ನಾಕಿ’. ಲೋಕವೆಲ್ಲ ಕುಗ್ಗಿ ಟೀವಿ ಡಬ್ಬಿಯೊಳಗೆ ಸೇರಿಕೊಳ್ಳುವುದರ ಬಗ್ಗೆ. ಕೇಬಲ್ ಟೀವಿ ಮನೆಮನೆಗೂ ನುಗ್ಗುತ್ತಿದ್ದ ಕಾಲ. ‘ಭೀಗಿ ಭೀಗಿ’ಯ ಧಾಟಿ ಇದರದ್ದೇ. ಕೊಠಡಿಯಲ್ಲಿ ಒಂಟಿಯಾದ ಮನುಷ್ಯನ ಹಾಡು ಹಿಂದಿಯಲ್ಲಿ ಮಳೆ, ಪ್ರೇಮ ಅಂತಾಯಿತು.

ಗೌತಮರು ಅದನ್ನು ಕೇಳಲು ಇರಲಿಲ್ಲ. ಅಸ್ಸಾಮಿನ ಕಾರ್ಬಿ ಜನರ ಭಾಷೆಯಲ್ಲಿ ಒಂದು ಸಿನಿಮಾ ಮಾಡುವ ಕೆಲಸದಲ್ಲಿದ್ದಾಗಲೇ 1999ರ ಜೂನ್ 20ರಂದು ತೀರಿಕೊಂಡರು. ವಯಸ್ಸು ಐವತ್ತರ ಆಸುಪಾಸು. ಆಮೇಲೆ ಬಂಗಾಳದಲ್ಲಿ ಗಲ್ಲಿಗೊಂದು ಬ್ಯಾಂಡು ಹುಟ್ಟಿತು. ಕ್ಯಾಕ್ಟಸ್, ಚಂದ್ರಬಿಂದು, ಫಾಸಿಲ್ಸ್ ಎಂಬವು ಸಭಾಂಗಣ ತುಂಬಿಸಿದವು, ಕ್ಯಾಸೆಟ್ ಮಾರಿದವು. ಗೌತಮರ ಮಗ ಗೌರವ್ ‘ಲಖ್ಖಿಛಾಡಾ’ ಎಂಬ ಗುಂಪಿನಲ್ಲಿ ಡ್ರಮ್ಮು ಹಿಡಿದ. ದಾರಿ ಕಡಿದವರಿಗೆ ಕೂಲಿ ಇಲ್ಲ, ಟಾರು ಹಾಕಿದ ಮೇಲೆ ಬಂದ ಬಸ್ಸಿಗೆ ಟಿಕೆಟ್ಟು.

ಗುಂಪಿನ ತಾಪಸ್ ದಾಸ್, ಎಲ್ಲರ ಬಾಪಿದಾ, ಮುದಿವಯಸ್ಸಿನಲ್ಲೂ ಹೊಸ ಹುಡುಗರ ಜೊತೆ ಹಾಡುತ್ತಲೇ ಇದ್ದರು. ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಬಂತು. ಚಿಕಿತ್ಸೆಗೆ ಹಣ ಸಾಲದು. ಯಾವ ಹುಡುಗರು ಇವರ ಹಾಡು ಹಾಡಿ ಬೆಳೆದಿದ್ದರೋ ಅವರೇ ಕಾರ್ಯಕ್ರಮ ಇಟ್ಟು ಹಣ ಎತ್ತಿದರು. ಆ ದಿನಗಳಲ್ಲೂ ಮೂಗಿಗೆ ನಳಿಕೆ ಹಾಕಿಸಿಕೊಂಡೇ ಬಾಪಿದಾ ವೇದಿಕೆ ಹತ್ತಿ ಹಾಡಿದರು. 2023ರ ಜೂನ್ 25ರಂದು ಹೋದರು. ಕಾಲೇಜು ಉತ್ಸವಗಳಲ್ಲಿ ಪುಕ್ಕಟೆಯಾಗಿ ಹಾಡಿಸಿಕೊಂಡ ಹಾಡಿಗೆ, ಸಿನಿಮಾದಲ್ಲಿ ಕೋಟಿ ಜನ ಕೇಳಿದ ಧಾಟಿಗೆ ಹೆಸರಾದ ಗುಂಪಿನವನ ಔಷಧಿಗೆ ಚಂದಾ ಎತ್ತಬೇಕಾಯಿತು. ಚಂದಾ ಎತ್ತಿದ ಹುಡುಗರನ್ನು ಮೆಚ್ಚಬೇಕು. ಉಳಿದವರ ಮಾತು ಓದುಗರಿಗೇ ಬಿಟ್ಟೆ.

ಈಗ ಆ ರೆಕಾರ್ಡು ಹುಡುಕಿಕೊಂಡು ಕಲಕತ್ತೆಗೆ ಹೋಗಬೇಕಿಲ್ಲ, ಫೋನಿನಲ್ಲೇ ಸಿಗ್ತವೆ. ಕೇಳುವ ಮನಸ್ಸಿದ್ದವರು ಮೊದಲು 1977ರದ್ದನ್ನು ಕೇಳಿ, ಆಮೇಲೆ 1995ರದ್ದು. ಬಂಗಾಳಿ ಬರೋದಿಲ್ಲ ಅಂತ ಹಿಂಜರಿಯಬೇಡಿ. ಭಾಷೆ ಬರುತ್ತಿದ್ದ ಕಲಕತ್ತೆಯವರಿಗೇ ಅರ್ಥವಾಗಲು ಇಪ್ಪತ್ತು ವರ್ಷ ಹಿಡಿಯಿತು.