ಅರವತ್ತು ಲೀಟರ್ ನೀರು, ಹನ್ನೊಂದು ಡೋಸು

ಓಟಿಯಲ್ಲಿ ಒಂದು ಆಪರೇಷನ್ನಿಗೆ ಮೂವರು ಕೈ ತೊಳೆಯಲು ನಿಂತರೆ ಸುಮಾರು 60 ಲೀಟರ್ ನೀರು ಹೋಯಿತೆಂದೇ ಲೆಕ್ಕ, ತಲೆಗೆ 20. ದಿನಕ್ಕೆ ಐದು ಆಪರೇಷನ್ ಆದರೆ 300 ಲೀಟರ್, ಅಂದರೆ 15 ಲೀಟರಿನ 20 ಕೊಡ. ಬೇಸಿಗೆಯಲ್ಲಿ ಹುನಗುಂದ, ಇಳಕಲ್ಲ ಕಡೆ ಇದು ಸಣ್ಣ ಮಾತಲ್ಲ. ಸ್ಪಿರಿಟ್ಟಿನ ಹ್ಯಾಂಡ್ ರಬ್ ಆದರೆ ತಲೆಗೆ 15 ಮಿ.ಲೀ. ಹಿಡಿಯಿರಿ, ಐದಕ್ಕೂ ಸೇರಿ ಕಾಲು ಲೀಟರ್ ಸಾಕು. ಕೈಯಲ್ಲಿ ಕೊಳೆ ಇರಬಾರದು, ಅಷ್ಟೆ. ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿ ಎರಡನ್ನೂ ಒಪ್ಪುತ್ತದೆ.

ಆಟೋಕ್ಲೇವಿನ ತಂಟೆ ಬೇರೆ. ಸುಣ್ಣಕಲ್ಲಿನ ಬಾಗಲಕೋಟೆ ಸೀಮೆಯ ಗಡಸು ನೀರು ಹಾಕಿದರೆ ತಳಕ್ಕೆ ಬಿಳಿ ಪದರ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರೇ ಬೇಕು. 121 ಡಿಗ್ರಿ, 15 ಪೌಂಡ್ ಒತ್ತಡ, ಬಟ್ಟೆಯ ಗಂಟಿಗೆ 30 ನಿಮಿಷ. ಮುಳ್ಳು 121 ಮುಟ್ಟಿದ ಮೇಲೆಯೇ ಎಣಿಕೆ. 22ನೇ ನಿಮಿಷಕ್ಕೆ ಕರೆಂಟ್ ಹೋದರೆ ಉಳಿದ 8 ಅಲ್ಲ, ಮತ್ತೆ ಪೂರಾ 30. ಡ್ರಮ್ಮಿನಲ್ಲಿ ಗೌನುಗಳ ನಡುವೆ ಬೆರಳು ಆಡಬೇಕು. ಟ್ರಂಕಿಗೆ ಸೀರೆ ಅದುಮಿದಂತೆ ಅದುಮಿದರೆ ಹಬೆ ಒಳಮಡಿಕೆಗೆ ಹೋಗುವುದಿಲ್ಲ. ಹೊರಗಿನ ಟೇಪಿನಲ್ಲಿ ಕಪ್ಪು ಗೆರೆ ಮೂಡಿತೆಂದು ನಿಶ್ಚಿಂತರಾಗುವವರಿದ್ದಾರೆ. ಆ ಗೆರೆ ಹೇಳುವುದು ಹೊರಗೆ ಶಾಖ ತಾಗಿತು ಎಂದಷ್ಟೆ. ನಡುಮಡಿಕೆಯಲ್ಲಿಟ್ಟ ಪಟ್ಟಿಯೂ ಬಣ್ಣ ತಿರುಗಬೇಕು. ಗಂಟು ಕೈಗೆ ಒದ್ದೆ ಹತ್ತಿತೋ, ಅದನ್ನು ಬಿಚ್ಚಿ, ಒಣ ಬಟ್ಟೆಯಲ್ಲಿ ಸುತ್ತಿ ಮೊದಲಿನಿಂದ ಬೇಯಿಸಬೇಕು.

ಇಷ್ಟು ಮಾಡಲು ಬೇಸರವಾದಲ್ಲಿ ಇಂಜೆಕ್ಷನ್ ಮೇಲೆ ಭಾರ ಬೀಳುತ್ತದೆ. ಸೆಫಜೋಲಿನ್ 2 ಗ್ರಾಂ, ಕೊಯ್ಯುವ ಮುಂಚಿನ 60 ನಿಮಿಷದೊಳಗೆ, ಸಾಮಾನ್ಯವಾಗಿ ಒಂದೇ ಸಲ. ಆಪರೇಷನ್ ಮುಗಿದ ಮೇಲೆ ಮುನ್ನೆಚ್ಚರಿಕೆಗೆಂದು ಮುಂದುವರಿಸಬೇಡಿ ಎನ್ನುತ್ತದೆ ಅದೇ ಮಾರ್ಗಸೂಚಿ. ‘ಇರ್ಲಿ ಬಿಡ್ರಿ’ ಎಂದು ದಿನಕ್ಕೆರಡರಂತೆ ಐದು ದಿನ ಕೊಟ್ಟರೆ 1 ಹೋಗಿ 11 ಡೋಸು. ಖರ್ಚು 11 ಪಟ್ಟು, ಗಾಯಕ್ಕೆ ಹೆಚ್ಚಿನ ಲಾಭವೇನೂ ಇಲ್ಲ.

ಕೀವಾದರೆ? ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಆಪರೇಷನ್ ಆದ 100 ಜನರಲ್ಲಿ 11 ಮಂದಿಗೆ ಸೋಂಕು ತಗಲುತ್ತದೆಂದು ಸಂಸ್ಥೆಯ ಅಂದಾಜು. ಇಳಕಲ್ಲಿನ ನೇಕಾರನೊಬ್ಬನಿಗೆ ಹರ್ನಿಯಾ ಎನ್ನಿ. ಜಾಳಿಗೆ ಹಾಕಿದ್ದರೆ 90 ದಿನ ಗಾಯದ ಮೇಲೆ ಕಣ್ಣಿಡಬೇಕು. ಹೊಲಿಗೆ ಕೀವು ಹಿಡಿದರೆ ಕುಣಿಮಗ್ಗಕ್ಕೆ ಇಳಿಯುವಂತಿಲ್ಲ. ಮಗ್ಗದ ಕೂಲಿ ಒಬ್ಬೊಬ್ಬರದು ಒಂದೊಂದು. 2025-26ರ ನರೇಗಾ ದರ 370 ರೂಪಾಯಿಯನ್ನೇ ಹಿಡಿಯೋಣ. ಅವನು, ಜೊತೆಗೆ ಕೂತ ಹೆಂಡತಿ, 10 ದಿನ: 7,400. ಅಂಥ 11 ಮನೆಗೆ 81,400. ಆಸ್ಪತ್ರೆಯ ಬಿಲ್ಲನ್ನು ಆಯುಷ್ಮಾನ್ ಕಾರ್ಡು ನೋಡಿಕೊಂಡರೂ ಈ ಕೂಲಿ ಯಾರೂ ಕೊಡರು. ಡ್ರೆಸಿಂಗಿಗೆಂದು ಇಳಕಲ್ಲಿಂದಲೋ ಬಾದಾಮಿಯಿಂದಲೋ ಬಾಗಲಕೋಟೆಗೆ ಓಡಾಡುವ ಬಸ್ಸಿನಲ್ಲಿ, ಶಕ್ತಿ ಯೋಜನೆಯಿಂದ ಹೆಂಡತಿಯ ಟಿಕೆಟ್ ಉಳಿಯುತ್ತದೆ, ಗಾಯದವನದು ಉಳಿಯುವುದಿಲ್ಲ.