ಕಪ್ಪು ಎರಡು, ಬಿಳಿ ನಾಲ್ಕು

ಯಕ್ಷಗಾನದ ಭಾಗವತರನ್ನು ‘ನಿಮ್ಮ ಶ್ರುತಿ ಯಾವುದು?’ ಎಂದು ಕೇಳಿದರೆ ಬರುವ ಉತ್ತರ ಹೊಸಬರಿಗೆ ಒಗಟಿನಂತೆ ಕೇಳಿಸುತ್ತದೆ. ಒಬ್ಬರು ‘ಕಪ್ಪು ಎರಡು’ ಎನ್ನುತ್ತಾರೆ, ಇನ್ನೊಬ್ಬರು ‘ಬಿಳಿ ನಾಲ್ಕು’ ಎನ್ನುತ್ತಾರೆ. ನಾದಕ್ಕೆ ಬಣ್ಣ ಎಲ್ಲಿಂದ ಬಂತು? ಅದು ಹಾರ್ಮೋನಿಯಂ ಮನೆಗಳ ಬಣ್ಣ. ಒಂದು ಸ್ಥಾಯಿಯಲ್ಲಿ ಬೆರಳಿಡುವ ಬಿಳಿ ಮನೆಗಳು ಏಳು, ಕಪ್ಪು ಮನೆಗಳು ಐದು. ಎಡದಿಂದ ಎಣಿಸುತ್ತ ಹೋದಾಗ ಗಾಯಕನ ಷಡ್ಜ ಯಾವ ಮನೆಯ ಮೇಲೆ ಕೂರುತ್ತದೋ ಅದೇ ಅವನ ಶ್ರುತಿಯ ಹೆಸರು. ಶತಮಾನಗಳಷ್ಟು ಹಳೆಯದಾದ ನಮ್ಮ ಕಲೆಯೊಂದು ತನ್ನ ತೀರ ಮೂಲದ ಸಂಗತಿಯನ್ನು ಹೇಳಿಕೊಳ್ಳಲು, ನೂರೆಂಬತ್ತು ವರ್ಷಗಳ ಹಿಂದೆ ಫ್ರಾನ್ಸಿನಲ್ಲಿ ಹುಟ್ಟಿದ ಪೆಟ್ಟಿಗೆಯ ಭಾಷೆಯನ್ನು ಬಳಸುತ್ತಿದೆ. ಇದರಲ್ಲಿ ಯಾರಿಗೂ ವಿಚಿತ್ರ ಕಾಣುವುದಿಲ್ಲ ಎಂಬುದೇ ಇಲ್ಲಿನ ವಿಶೇಷ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳು ಬಡಗುತಿಟ್ಟು ಯಕ್ಷಗಾನದ ಘಟ್ಟದ ಮೇಲಿನ ನೆಲೆ. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟ ಮೇಲೆ ಆಗುಂಬೆ, ಹುಲಿಕಲ್ ಘಾಟಿಗಳನ್ನು ಹತ್ತಿ ಬಂದು ಈ ಊರುಗಳಲ್ಲಿ ಆಟವಾಡುತ್ತವೆ. ಮಂದಾರ್ತಿ ಮೇಳಕ್ಕೆ ಹರಕೆಯ ಆಟ ಹೇಳಿಕೊಂಡ ಮನೆಗಳು ಇಲ್ಲಿ ಬಹಳ. ಮಳೆಗಾಲದಲ್ಲಿ ಅಡಿಕೆ ತೋಟದ ಮನೆಗಳ ಜಗುಲಿಯ ಮೇಲೆ ತಾಳಮದ್ದಳೆ. ಹೀಗೆ ವರ್ಷದ ಉದ್ದಕ್ಕೂ ಪದ್ಯ ಕೇಳುವ ಈ ಸೀಮೆಯಲ್ಲಿ ಶ್ರುತಿ ಹಿಡಿಯುವ ಸಾಧನ ಮೂರು ಬಾರಿ ಬದಲಾಗಿದೆ. ಬದಲಾದಾಗಲೆಲ್ಲ ಹಾಡುವವರೂ ಕೇಳುವವರೂ ತಕರಾರು ಎತ್ತಿದ್ದಾರೆ. ತಕರಾರು ಒಂದರ ಮೇಲೆ, ನಿಜವಾದ ಬದಲಾವಣೆ ಇನ್ನೊಂದರಲ್ಲಿ ಎಂಬಂತೆ ಆಗಿರುವುದೇ ಹೆಚ್ಚು.

ಮೊದಲಿಗೆ ಇದ್ದದ್ದು ಪುಂಗಿ. ಒಣಗಿದ ಸೋರೆಬುರುಡೆಗೆ ನಳಿಕೆ ಸೇರಿಸಿ ಮಾಡಿದ ಈ ವಾದ್ಯವನ್ನು ಒಬ್ಬಾತ ಹಿಮ್ಮೇಳದಲ್ಲಿ ಕುಳಿತು ಉಸಿರು ಕಡಿಯದಂತೆ ಊದುತ್ತಿದ್ದ. ಭಾಗವತರ ಕೈಯಲ್ಲಿ ತಾಳ, ಪಕ್ಕದಲ್ಲಿ ಮದ್ದಳೆ, ಚೆಂಡೆ, ಇವೆಲ್ಲದರ ಅಡಿಯಲ್ಲಿ ಪುಂಗಿಯ ಒಂದೇ ಸ್ವರ. ಅದಕ್ಕೆ ಹೆಸರೂ ಇರಲಿಲ್ಲ, ಸಂಖ್ಯೆಯೂ ಇರಲಿಲ್ಲ. ಆ ಪುಂಗಿಯ ಶ್ರುತಿ ಏನೋ ಅದೇ ಆ ಮೇಳದ ಶ್ರುತಿ. ಧ್ವನಿವರ್ಧಕ ಇಲ್ಲದ ಬಯಲಿನಲ್ಲಿ, ಚೆಂಡೆಯ ಸದ್ದನ್ನು ಮೀರಿ ಕೊನೆಯ ಸಾಲಿಗೆ ಕೇಳಿಸಬೇಕಾದ ಹಾಡು ಸಹಜವಾಗಿಯೇ ಏರು ಶ್ರುತಿಯದು. ಆ ಕಾಲದ ಭಾಗವತಿಕೆಗೆ ಬೇಕಾದದ್ದು ಮೊದಲು ಕಂಠ, ಆಮೇಲೆ ಉಳಿದದ್ದು.

ಇದಕ್ಕೂ ಹಿಂದಿನ ಒಂದು ಪದ್ಧತಿ ಈ ಸೀಮೆಯಲ್ಲಿ ಉಳಿದುಕೊಂಡಿದೆ. ದೀಪಾವಳಿಯ ರಾತ್ರಿಗಳಲ್ಲಿ ದೀಪ ಆರದಂತೆ ಹಿಡಿದು ಮನೆಮನೆಗೆ ಹೋಗಿ ಹಾಡುವ ಅಂಟಿಗೆ–ಪಂಟಿಗೆಯವರಿಗೆ ಯಾವ ಶ್ರುತಿವಾದ್ಯವೂ ಇಲ್ಲ. ಮುಂದಾಳು ಎತ್ತಿಕೊಂಡದ್ದೇ ಶ್ರುತಿ. ಉಳಿದವರ ಕಿವಿ ಅದನ್ನು ಹಿಡಿದುಕೊಳ್ಳುತ್ತದೆ.

ಪುಂಗಿಯ ಜಾಗಕ್ಕೆ ಬಂದದ್ದು ಹಾರ್ಮೋನಿಯಂ. 1840ರ ದಶಕದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆ ರೂಪಿಸಿದ ಈ ವಾದ್ಯ ಕಾಲಿನಿಂದ ತುಳಿದು ನುಡಿಸುವಂಥದು. ನೆಲದ ಮೇಲೆ ಕೂತು ಒಂದು ಕೈಯಿಂದ ತಿದಿ ಒತ್ತುವ ಸಣ್ಣ ಪೆಟ್ಟಿಗೆಯನ್ನು 1875ರ ಸುಮಾರಿಗೆ ಕಲ್ಕತ್ತದಲ್ಲಿ ದ್ವಾರಕಾನಾಥ ಘೋಷ್ ಮಾಡಿದ ಮೇಲೆ ಅದು ದೇಶದ ಮೂಲೆಮೂಲೆಗೆ ಹೋಯಿತು. ಕನ್ನಡದಲ್ಲಿ ಅದನ್ನು ಹೊತ್ತು ತಂದವರು ಬಹುಮಟ್ಟಿಗೆ ಕಂಪನಿ ನಾಟಕದವರು. ನಾಟಕದ ಮೇಷ್ಟರು ಎಂದರೆ ಹಾರ್ಮೋನಿಯಂ ಮುಂದೆ ಕೂತವರು ಎಂಬಷ್ಟರ ಮಟ್ಟಿಗೆ ಅದು ರಂಗದ ಯಜಮಾನಿಕೆ ವಹಿಸಿತು.

ಅದರ ವಿರುದ್ಧ ಎದ್ದ ಕೂಗೂ ಅಷ್ಟೇ ದೊಡ್ಡದು. ಆನಂದ ಕುಮಾರಸ್ವಾಮಿಯವರಂಥ ಕಲಾವಿಮರ್ಶಕರು ಅದನ್ನು ಖಂಡಿಸಿದರು. ರವೀಂದ್ರನಾಥ ಠಾಕೂರರು ರೇಡಿಯೋದಿಂದ ಅದನ್ನು ದೂರವಿಡಬೇಕೆಂದು ಬರೆದರು. 1940ರ ಮಾರ್ಚಿನಲ್ಲಿ ಆಕಾಶವಾಣಿ ಹಾರ್ಮೋನಿಯಮ್ಮಿಗೆ ಬಹಿಷ್ಕಾರ ಹಾಕಿತು. ಬಹಿಷ್ಕಾರ ಸಡಿಲವಾದದ್ದು 1971ರಲ್ಲಿ, ಅದೂ ಭಾಗಶಃ. ಈ ಮಲೆನಾಡಿಗೆ ಹತ್ತಿರದ ಭದ್ರಾವತಿ ಆಕಾಶವಾಣಿ ಶುರುವಾದದ್ದು 1965ರಲ್ಲಿ. ಎಂದರೆ, ಊರಿನ ಆಟದಲ್ಲಿ, ಭಜನೆಯಲ್ಲಿ ದಿನವೂ ಕೇಳುತ್ತಿದ್ದ ಪೆಟ್ಟಿಗೆ ರೇಡಿಯೋದ ಬಾಗಿಲಲ್ಲಿ ಇನ್ನೂ ಅಸ್ಪೃಶ್ಯವಾಗಿತ್ತು!

ಆಕ್ಷೇಪ ಎರಡು ಬಗೆಯದು. ಒಂದು, ಸ್ವರದಿಂದ ಸ್ವರಕ್ಕೆ ಜಾರುವ ಗಮಕ, ಮೀಂಡುಗಳು ಈ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಎರಡು, ಅದರ ಸ್ವರಗಳೇ ನಮ್ಮವಲ್ಲ. ಪಾಶ್ಚಾತ್ಯ ಪದ್ಧತಿಯಲ್ಲಿ ಒಂದು ಸ್ಥಾಯಿಯನ್ನು ಹನ್ನೆರಡು ಸರಿಸಮ ಪಾಲು ಮಾಡುತ್ತಾರೆ. ಸ್ಥಾಯಿಯನ್ನು 1200 ಅಂಶಗಳೆಂದು ಎಣಿಸಿದರೆ, ತಂಬೂರಿಯ ತಂತಿಯಲ್ಲಿ ತಾನಾಗಿ ಕೇಳಿಸುವ ಅಂತರ ಗಾಂಧಾರ ಸುಮಾರು 386ನೆಯ ಅಂಶದಲ್ಲಿದೆ, ಸಮಪಾಲಿನ ಪೆಟ್ಟಿಗೆಯಲ್ಲಿ 400ರಲ್ಲಿದೆ. ಹದಿನಾಲ್ಕು ಅಂಶಗಳ ಈ ಅಂತರ ಪಳಗಿದ ಕಿವಿಗೆ ಚುಚ್ಚುತ್ತದೆ. ವಾದದಲ್ಲಿ ಹುರುಳಿತ್ತು.

ಆದರೆ ಯಕ್ಷಗಾನದಲ್ಲಿ ಈ ಜಗಳ ಅಷ್ಟಾಗಿ ಕಾವೇರಲಿಲ್ಲ. ಕಾರಣ ಆ ಅಂಕಿಗಳಲ್ಲಿಯೇ ಇದೆ. ನಾಟಕದಲ್ಲಿ ಹಾರ್ಮೋನಿಯಂ ರಾಗ ನುಡಿಸುತ್ತದೆ. ಆಟದಲ್ಲಿ ಅದು ಶ್ರುತಿ ಹಿಡಿಯುತ್ತದೆ, ಅಷ್ಟೆ. ಷಡ್ಜ, ಪಂಚಮಗಳ ಮನೆಗಳನ್ನು ಒತ್ತಿ ಹಿಡಿದು ತಿದಿ ಆಡಿಸುತ್ತಿದ್ದರೆ ಸಾಕು. ಪಂಚಮದಲ್ಲಿ ಸಹಜ ಸ್ವರಕ್ಕೂ ಪೆಟ್ಟಿಗೆಯ ಸ್ವರಕ್ಕೂ ಇರುವ ವ್ಯತ್ಯಾಸ ಎರಡೇ ಅಂಶ. ಗಮಕದ ಪ್ರಶ್ನೆ ಏಳುವುದೇ ಇಲ್ಲ. ಊದಿ ಊದಿ ಕೆನ್ನೆ ಸೋಲುತ್ತಿದ್ದ ಪುಂಗಿಯವನಿಗಿಂತ ಕೈಯಲ್ಲಿ ತಿದಿ ಒತ್ತುವವನು ಬೆಳಗಿನ ತನಕ ಸುಖವಾಗಿ ಕೂರಬಲ್ಲವನಾಗಿದ್ದ.

ಸದ್ದಿಲ್ಲದೆ ಬದಲಾದದ್ದು ಬೇರೆ. ಶ್ರುತಿಗೆ ಈಗ ಹನ್ನೆರಡು ಹೆಸರುಗಳು ಬಂದವು, ಆ ಹನ್ನೆರಡರ ನಡುವೆ ಜಾಗವಿಲ್ಲವಾಯಿತು. ಕಪ್ಪು ಒಂದಕ್ಕೂ ಬಿಳಿ ಎರಡಕ್ಕೂ ಮಧ್ಯೆ ಕಂಠವಿರುವ ಭಾಗವತ ಯಾವುದಾದರೂ ಒಂದು ಮನೆಗೆ ಹೋಗಲೇಬೇಕು. ಮದ್ದಳೆಯೂ ಆ ಮನೆಗೇ ಹೊಂದಬೇಕು. ರಾತ್ರಿಯ ಮೊದಲ ಭಾಗಕ್ಕೆ ಒಬ್ಬರು, ನಂತರ ಪ್ರಧಾನ ಭಾಗವತರು ಬರುವ ರೂಢಿಯಿರುವುದರಿಂದ, ಇಬ್ಬರ ಮನೆ ಬೇರೆಯಾದರೆ ಮದ್ದಳೆಗಾರ ಎರಡು ಮೂರು ಮದ್ದಳೆಗಳನ್ನು ಹೊತ್ತು ತರಬೇಕು. ಇನ್ನೊಂದು ಕಡೆ ಇದರಿಂದ ಲಾಭವೂ ಆಯಿತು. ಯಾವ ಮೇಳದ ಭಾಗವತ ಯಾವ ಊರಿಗೆ ಹೋದರೂ ‘ಕಪ್ಪು ಎರಡು’ ಎಂದರೆ ಸಾಕು. ಅಲ್ಲಿನ ಹವ್ಯಾಸಿ ಮದ್ದಳೆಗಾರ ಮೊದಲೇ ಸಿದ್ಧವಾಗಿರಬಲ್ಲ.

ಆಮೇಲೆ ಬಂದ ಧ್ವನಿವರ್ಧಕ, ಡೇರೆ ಮೇಳಗಳ ಕಾಲದಲ್ಲಿ ಕಂಠದ ಭಾರವನ್ನೇ ಇಳಿಸಿತು. ಕೂಗದೆ ಹಾಡಬಹುದು, ರಾಗವನ್ನು ಬೆಳೆಸಬಹುದು ಎಂದಾದದ್ದು ಆಗ. ಸಾಲಿಗ್ರಾಮ ಮೇಳದ ಕಾಳಿಂಗ ನಾವಡರು (1958–1990) ಈ ಸಾಧ್ಯತೆಯನ್ನು ಎಷ್ಟರಮಟ್ಟಿಗೆ ಬಳಸಿಕೊಂಡರೆಂಬುದು ಅವರ ಕ್ಯಾಸೆಟ್ಟುಗಳನ್ನು ಕೇಳಿದವರಿಗೆಲ್ಲ ಗೊತ್ತು. ಹೊಸ ರಾಗಗಳಿಂದ ಆಟದ ಕ್ರಮ ಕೆಡುತ್ತದೆಂದು ಹಳಬರು ಗೊಣಗಿದರು; ಹುಡುಗರು ಅವರ ಪದ್ಯಕ್ಕಾಗಿಯೇ ಮೈಲುಗಟ್ಟಲೆ ನಡೆದರು. ಅದಕ್ಕೂ ಮೊದಲು ಶಿವರಾಮ ಕಾರಂತರು ತಮ್ಮ ಪ್ರಯೋಗಗಳಲ್ಲಿ ಪಿಟೀಲು, ಸ್ಯಾಕ್ಸೊಫೋನುಗಳನ್ನು ಹಿಮ್ಮೇಳಕ್ಕೆ ತಂದಾಗಲೂ ಹೀಗೆಯೇ ಆಗಿತ್ತು. ‘ಯಕ್ಷಗಾನ ಬಯಲಾಟ’ವೆಂಬ ಗ್ರಂಥಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದು, ಆ ಕಲೆಯ ಹಳೆಯ ಸೊಗಸನ್ನು ಎತ್ತಿ ತೋರಿಸಿದವರೇ ಅದಕ್ಕೆ ಪಿಟೀಲು ಸೇರಿಸಿದ್ದನ್ನು ಹಲವರಿಗೆ ಅರಗಿಸಿಕೊಳ್ಳಲು ಆಗಲಿಲ್ಲ. ಪಿಟೀಲು, ಸ್ಯಾಕ್ಸೊಫೋನು ಬಯಲಾಟದ ಮೇಳಗಳಲ್ಲಿ ನೆಲೆ ನಿಲ್ಲಲಿಲ್ಲ. ಮೈಕು ನಿಂತಿತು. ಚರ್ಚೆಯಾದದ್ದು ಮಾತ್ರ ಪಿಟೀಲಿನ ಬಗೆಗೇ ಹೆಚ್ಚು.

ಎರಡನೆಯ ಬದಲಾವಣೆ ಬೆಂಗಳೂರಿನಿಂದ ಬಂತು. ಕೊಳಲು ವಾದಕರೂ ಇಂಜಿನಿಯರೂ ಆದ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ತಯಾರಿಸಿದರು. ಅವರ ರಾಡೆಲ್ ಸಂಸ್ಥೆಯ ಪೆಟ್ಟಿಗೆಗಳೂ ಅವನ್ನು ಹೋಲುವ ಶ್ರುತಿಪೆಟ್ಟಿಗೆಗಳೂ ಮುಂದಿನ ದಶಕಗಳಲ್ಲಿ ಸಂಗೀತ ಪಾಠದ ಮನೆಗಳನ್ನು, ಕಛೇರಿಗಳನ್ನು ಹೊಕ್ಕವು, ನಂತರ ಆಟದ ರಂಗಸ್ಥಳಕ್ಕೂ ಬಂದವು. ‘ನಿರ್ಜೀವ ಸ್ವರ’, ‘ಜೀರುಂಡೆಯ ಸದ್ದು’ ಎಂಬ ಟೀಕೆ ತಪ್ಪಲಿಲ್ಲ. ಕರೆಂಟು ಹೋದರೆ ಏನು ಗತಿ ಎಂಬುದು ಮಲೆನಾಡಿಗರ ವಿಶೇಷ ಚಿಂತೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನಿಂದ ನಾಡಿಗೆಲ್ಲ ಬೆಳಕು ಕೊಟ್ಟದ್ದು ಸಾಗರ, ಹೊಸನಗರದ ಶರಾವತಿ ಕಣಿವೆ. ಮುಳುಗಡೆಯಾಗಿ ಉಳಿದ ಅದರ ದಂಡೆಯ ಎಷ್ಟೋ ಹಳ್ಳಿಗಳು ತಮ್ಮ ಮನೆಯ ದೀಪಕ್ಕೆ ಬಹುಕಾಲ ಕಾದವು. ಆದ್ದರಿಂದ ಬ್ಯಾಟರಿಯಲ್ಲಿಯೂ ನಡೆಯುವ ಪೆಟ್ಟಿಗೆ ಬಂದ ಮೇಲೆಯೇ ಅದಕ್ಕೆ ಇಲ್ಲಿ ಮರ್ಯಾದೆ ಸಿಕ್ಕಿತು.

ಈ ಪೆಟ್ಟಿಗೆಯ ಒಂದು ಗುಣ ಮಾತ್ರ ಇಲ್ಲಿನ ಹವೆಗೆ ಹೇಳಿ ಮಾಡಿಸಿದಂತಿತ್ತು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ. ಆಷಾಢದ ತಾಳಮದ್ದಳೆಯಲ್ಲಿ ಚರ್ಮ ಹಸಿಯಾಗಿ ಮದ್ದಳೆಯ ಶ್ರುತಿ ಇಳಿಯುತ್ತದೆ; ಕೆಂಡದ ಬಳಿ ಹಿಡಿದು ಕಾಯಿಸಬೇಕು, ತಟ್ಟಿ ತಟ್ಟಿ ಏರಿಸಬೇಕು. ಹಾರ್ಮೋನಿಯಮ್ಮಿನ ಮರವೂ ಉಬ್ಬಿ ಮನೆಗಳು ಸಿಕ್ಕಿಕೊಳ್ಳುತ್ತವೆ. ಅದರ ಹಿತ್ತಾಳೆಯ ನಾಲಿಗೆಯ ಸ್ವರ ಸ್ವಲ್ಪ ಏರಿಸಬೇಕಾದರೆ ತುದಿಯಲ್ಲಿ, ಇಳಿಸಬೇಕಾದರೆ ಬುಡದಲ್ಲಿ ಅರದಿಂದ ಉಜ್ಜಬೇಕು. ಅದು ಆಟದ ನಡುವೆ ಆಗುವ ಕೆಲಸವಲ್ಲ. ಎಲೆಕ್ಟ್ರಾನಿಕ್ ಪೆಟ್ಟಿಗೆಯಲ್ಲಿ ಮನೆ ಬದಲಿಸುವ ಗುಂಡಿಯ ಜೊತೆಗೆ ಕೂದಲೆಳೆಯಷ್ಟು ಏರಿಸುವ, ಇಳಿಸುವ ಇನ್ನೊಂದು ಗುಂಡಿಯೂ ಉಂಟು. ಮದ್ದಳೆ ಸ್ವಲ್ಪ ಇಳಿಯಿತೇ? ಪೆಟ್ಟಿಗೆಯನ್ನೇ ಅದರ ಬಳಿಗೆ ತಂದರಾಯಿತು. ಹಾರ್ಮೋನಿಯಂ ಮುಚ್ಚಿಬಿಟ್ಟಿದ್ದ ಎರಡು ಮನೆಗಳ ನಡುವಿನ ಜಾಗ ಹೀಗೆ ಮತ್ತೆ ತೆರೆಯಿತು. ನಿರ್ಜೀವವೆಂದು ಬೈಸಿಕೊಂಡ ಯಂತ್ರ ಈ ಒಂದು ವಿಷಯದಲ್ಲಿ ಹಳೆಯ ಪೆಟ್ಟಿಗೆಗಿಂತ ಉದಾರಿ.

ಅದು ಕಿತ್ತುಕೊಂಡದ್ದೂ ಒಂದಿದೆ. ಭಾಗವತರ ಪಕ್ಕ ಶ್ರುತಿ ಹಿಡಿದು ಕೂರುವ ಜಾಗ ಎಷ್ಟೋ ಹುಡುಗರಿಗೆ ಪಾಠಶಾಲೆಯಾಗಿತ್ತು. ಕೈಗೆ ಹೆಚ್ಚಿನ ಕೆಲಸವಿಲ್ಲ, ಕಿವಿಗೆ ರಾತ್ರಿಯಿಡೀ ಕೆಲಸ. ಯಾವ ಪದ್ಯಕ್ಕೆ ಯಾವ ತಾಳ, ಅರ್ಥ ಎಲ್ಲಿ ಮುಗಿದರೆ ಪದ್ಯ ಎಲ್ಲಿ ಎತ್ತಬೇಕು, ವೇಷಧಾರಿಯ ಕಣ್ಣಿನ ಸೂಚನೆ ಏನು ಎಂಬುದೆಲ್ಲ ಅಲ್ಲಿ ಕೂತವನಿಗೆ ಹೇಳದೆಯೇ ತಿಳಿಯುತ್ತಿತ್ತು. ಗುಂಡಿ ಒತ್ತಿದರೆ ತಾನೇ ನುಡಿಯುವ ಪೆಟ್ಟಿಗೆಗೆ ಪಕ್ಕದಲ್ಲಿ ಯಾರೂ ಕೂರಬೇಕಾಗಿಲ್ಲ. ಮೇಳದ ಯಜಮಾನರಿಗೆ ಒಂದು ಸಂಬಳ ಉಳಿಯಿತು, ಗಾಡಿಯಲ್ಲಿ ಒಂದು ಜಾಗ ಉಳಿಯಿತು. ಸ್ವರ ಸಪ್ಪೆಯೆಂದು ದೂರಿದವರಷ್ಟು ಮಂದಿ ಖಾಲಿಯಾದ ಈ ಜಾಗದ ಬಗ್ಗೆ ದೂರಲಿಲ್ಲ.

ಈಗಿನದು ಮೂರನೆಯ ಬದಲಾವಣೆ. ಕಲಿಯುವವರ, ಹವ್ಯಾಸಿಗಳ ಶ್ರುತಿಪೆಟ್ಟಿಗೆ ಮೊಬೈಲ್ ಫೋನಿನೊಳಗೆ ಸೇರಿಕೊಂಡಿದೆ. ತಂಬೂರಿ, ತಾಳ, ಬೇಕಾದ ಶ್ರುತಿ ಎಲ್ಲವೂ ಒಂದೇ ಆ್ಯಪಿನಲ್ಲಿ. ಬೇಸರಗಳು ಸಾಮಾನ್ಯವಾದವು: ಪದ್ಯದ ನಡುವೆ ಕರೆ ಬರುತ್ತದೆ, ಸಣ್ಣ ಸ್ಪೀಕರಿನಲ್ಲಿ ಮಂದ್ರ ಕೇಳಿಸುವುದಿಲ್ಲ, ಜಾಹೀರಾತು ಕುಣಿಯುತ್ತದೆ. ಆದರೆ ಹಿಂದಿನ ಯಾವ ಪೆಟ್ಟಿಗೆಗೂ ಇಲ್ಲದ ಒಂದು ಗುಣ ಇದಕ್ಕಿದೆ: ಕೊಂಡವನ ಮನೆಯಲ್ಲಿದ್ದೂ ಅದು ಮಾಡಿದವನ ಇಚ್ಛೆಯಂತೆ ಬದಲಾಗುತ್ತದೆ. ನಿನ್ನೆ ಇದ್ದ ಗುಂಡಿ ಇಂದು ಇಲ್ಲ, ಬಿಟ್ಟಿಯಾಗಿದ್ದದ್ದಕ್ಕೆ ಹಣ, ಹಳೆಯ ಫೋನಿನಲ್ಲಿ ಹೊಸ ಆವೃತ್ತಿ ಓಡುವುದಿಲ್ಲ.

ದೊಡ್ಡ ಸ್ಟುಡಿಯೋಗಳ ಲೋಕ ಇದರ ರುಚಿಯನ್ನು ಮೊದಲೇ ಕಂಡಿದೆ. ಸಂಗೀತ ಮುದ್ರಿಸುವ, ಸಂಯೋಜಿಸುವ ಕೇಕ್‌ವಾಕ್ ಎಂಬ ಹಳೆಯ ತಂತ್ರಾಂಶದ ಅಭಿವೃದ್ಧಿಯನ್ನು ನಿಲ್ಲಿಸುವುದಾಗಿ ಅದರ ಒಡೆತನದ ಗಿಬ್ಸನ್ ಕಂಪನಿ 2017ರ ನವೆಂಬರಿನಲ್ಲಿ ಪ್ರಕಟಿಸಿದಾಗ, ವರ್ಷಗಟ್ಟಲೆ ಅದರಲ್ಲೇ ಕೆಲಸ ಮಾಡಿದವರು ದಿಕ್ಕೆಟ್ಟರು. ಮರುವರ್ಷ ಸಿಂಗಪುರದ ಬ್ಯಾಂಡ್‌ಲ್ಯಾಬ್ ಅದನ್ನು ಕೊಂಡು ಉಳಿಸಿತು. ಧ್ವನಿ ತಿದ್ದುವ ಉಪಕರಣಗಳನ್ನು ಮಾರುವ ಇಸ್ರೇಲಿನ ವೇವ್ಸ್ ಕಂಪನಿ 2023ರ ಮಾರ್ಚಿನಲ್ಲಿ ಇನ್ನು ಮುಂದೆ ಒಮ್ಮೆ ಕೊಂಡು ಇಟ್ಟುಕೊಳ್ಳುವಂತಿಲ್ಲ, ಚಂದಾ ಕಟ್ಟಿಯೇ ಬಳಸಬೇಕು ಎಂದಿತು. ಬಳಕೆದಾರರು ಜಗತ್ತಿನಾದ್ಯಂತ ಎದ್ದು ಗದ್ದಲ ಮಾಡಿದರು. ಕೆಲವೇ ದಿನಗಳಲ್ಲಿ ಕಂಪನಿ ಕ್ಷಮೆ ಕೇಳಿ ಹಳೆಯ ಮಾರಾಟ ಪದ್ಧತಿಯನ್ನು ಮತ್ತೆ ತೆರೆಯಿತು. ಇಲ್ಲಿ ಸ್ವರ ಕೆಟ್ಟಿತೆಂದು ಯಾರೂ ದೂರಲಿಲ್ಲ. ಜಗಳವಾದದ್ದು ಉಪಕರಣ ಯಾರದು ಎಂಬ ಒಂದೇ ಮಾತಿಗೆ. ಆಕಾಶವಾಣಿಯ ಬಹಿಷ್ಕಾರದ ಕಾಲದಲ್ಲಿ ಹಾರ್ಮೋನಿಯಮ್ಮಿನ ವೈರಿಗಳು ಕೂಡ ಕೇಳಬೇಕಾಗಿರದಿದ್ದ ಪ್ರಶ್ನೆ ಇದು. ಪೆಟ್ಟಿಗೆ ಪರದೇಶಿಯೇ ಆಗಿದ್ದರೂ, ಒಮ್ಮೆ ಮನೆಗೆ ಬಂದ ಮೇಲೆ ಕಲ್ಕತ್ತದ ಅಂಗಡಿಯವನು ಅದರ ಮನೆ ಬದಲಿಸುವಂತಿರಲಿಲ್ಲ.

ಮಲೆನಾಡಿನ ಅನೇಕ ಮನೆಗಳ ಅಟ್ಟದ ಮೇಲೆ ಹಳೆಯ ಹಾರ್ಮೋನಿಯಂ ಬಟ್ಟೆ ಸುತ್ತಿಕೊಂಡು ಈಗಲೂ ಕೂತಿದೆ. ಭಜನೆಗೆ, ಶಾಲೆಯ ನಾಟಕಕ್ಕೆ ಒಮ್ಮೊಮ್ಮೆ ಕೆಳಗಿಳಿಯುತ್ತದೆ. ಕಲಿಯಲು ಬಂದ ಹುಡುಗಿಯ ಫೋನಿನ ತೆರೆಯ ಮೇಲೆ ‘ಡಿ ಶಾರ್ಪ್’ ಎಂದಿರುತ್ತದೆ. ‘ಅದೆಲ್ಲ ಗೊತ್ತಿಲ್ಲ ಮಾರಾಯ್ತಿ, ಕಪ್ಪು ಎರಡಕ್ಕೆ ಇಡು’ ಎನ್ನುತ್ತಾರೆ ಕಲಿಸುವ ಭಾಗವತರು. ಅವಳು ಬೆರಳು ಮಡಚಿ ಮನಸ್ಸಿನಲ್ಲೇ ಎಣಿಸಿ, ಎರಡೂ ಒಂದೇ ಎಂದು ಕಂಡುಕೊಂಡು ಹಾಡಲು ತೊಡಗುತ್ತಾಳೆ.