ಯಾರ ತೂಕಕ್ಕೆ ಯಾರ ಸ್ಪ್ರಿಂಗು?

ಅಗಡಿ ಎಂದೊಡನೆ ಕನ್ನಡದ ಹಳೆಯ ಓದುಗರಿಗೆ ಆನಂದವನ ನೆನಪಾಗುತ್ತದೆ. ‘ಸದ್ಬೋಧ ಚಂದ್ರಿಕೆ’ಯೂ ಗಳಗನಾಥರೂ ನೆನಪಾಗುತ್ತಾರೆ. ಅಂಥ ಊರಿನ ಹೆಸರನ್ನೆತ್ತಿ, ಸೈಕಲ್ಲಿನ ಹಿಂಭಾಗಕ್ಕೆ ಕೂಡಿಸುವ ಒಂದು ಸ್ಪ್ರಿಂಗಿನ ಕಥೆಯನ್ನು ಹೇಳಹೊರಟರೆ ವಾಚಕರು ಹುಬ್ಬೇರಿಸಿಯಾರು. ಕನ್ನಡ ಕಲಿಸುವವನಿಗೆ ಈ ಉಸಾಬರಿ ಏಕೆಂದು ನನ್ನ ಸಹೋದ್ಯೋಗಿಗಳೂ ಕೇಳಿದರು. ಇದನ್ನು ನಾನಾಗಿ ಹುಡುಕಿಕೊಂಡು ಹೋದವನಲ್ಲ. ಅಗಡಿಯಲ್ಲಿರುವ ನನ್ನ ತಂಗಿ ಅದನ್ನು ನನ್ನ ಕೊರಳಿಗೆ ಕಟ್ಟಿದಳು.

ಅವಳ ಮಗ ಬೆಂಗಳೂರಿನಲ್ಲಿ ಓದುತ್ತಿದ್ದಾಗ ಗುಡ್ಡ ಇಳಿಯುವ ಸೈಕಲ್ಲಿನ ಹುಚ್ಚನ್ನು ಹಚ್ಚಿಕೊಂಡ. ಮನೆಪಾಠ ಹೇಳಿ ಕೂಡಿಸಿದ ಹಣದಿಂದ, ಇನ್ನೊಬ್ಬರು ಬಳಸಿ ಬಿಟ್ಟ ಸೈಕಲ್ಲೊಂದನ್ನು ಕೊಂಡ. ಮೊದಲ ವರ್ಷವೇ ಎರಡು ಸಲ ಬಿದ್ದ. ಎರಡನೆಯ ಸಲ ಮಣಿಕಟ್ಟು ಮುರಿಯಿತು. ಕೈ ಕೂಡಿಕೊಂಡು ಅವನು ರಜೆಗೆ ಬಂದಾಗ ತಂಗಿ ನನಗೆ ಹೇಳಿದಳು: “ಅಣ್ಣಾ, ನಿನ್ನ ಮಾತಂದ್ರ ಕೇಳ್ತಾನ. ಆ ಸೈಕಲ್ ಮಾರಿಬಿಡು ಅಂತ ಹೇಳು.” ಹಾಗೆ ಹೇಳಬೇಕೆಂದೇ ನಾನು ಹಾವೇರಿಯಿಂದ ಹೊರಟೆ.

ಆದರೆ ನಾನು ಬಾಯಿ ತೆರೆಯುವ ಮೊದಲೇ ಹುಡುಗನೇ ಅಂದ: “ಮಾರ್ತೀನಿ ಮಾಮಾ. ಎಲ್ಲಾರೂ ಇಳೀತಾರ, ನನ್ನ ಹಿಂದಿನ ಗಾಲಿ ಅಷ್ಟ ಪುಟೀತದ. ನನ್ನ ಕೈಯಾಗ ಆಗೂದಲ್ಲ ಇದು.”

ಈ ದನಿಯನ್ನು ನಾನು ಬಲ್ಲೆ. ಪರೀಕ್ಷೆಯಲ್ಲಿ ಸೋತ ಹುಡುಗರು ಪ್ರಶ್ನೆ ಕಠಿಣವಾಗಿತ್ತೆನ್ನುವುದಿಲ್ಲ, ಪಾಠ ಸರಿಯಾಗಲಿಲ್ಲವೆನ್ನುವುದಿಲ್ಲ. ನನಗೇ ತಲೆಯಿಲ್ಲ ಎನ್ನುತ್ತಾರೆ. ಆ ಮಾತನ್ನು ಎಷ್ಟೋ ಸಲ ಸುಮ್ಮನೆ ಕೇಳಿಸಿಕೊಂಡವನು ನಾನು. ಅಂದು ಮಾತ್ರ ಏಕೋ ಕೇಳಿದೆ: “ಇದು ಮೊದಲು ಯಾರದಿತ್ತಪಾ?” “ಒಬ್ಬ ಎತ್ತರದ ಆಳು ಮಾಮಾ. ಒಂದು ಕ್ವಿಂಟಲ್ ತೂಗ್ತಿದ್ದ” ಎಂದ. ಕಥೆಯೆಲ್ಲ ಆ ಒಂದು ಮಾತಿನಲ್ಲಿತ್ತೆಂಬುದು ಆಗ ನಮ್ಮಿಬ್ಬರಿಗೂ ತಿಳಿಯದು.

ಈ ಆಟ ಹುಟ್ಟಿದ್ದು ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ. 1976ರಲ್ಲಿ ಅಲ್ಲಿಯ ಕೆಲವು ತರುಣರು ಹಳೆಯ ದಪ್ಪ ಟೈರಿನ ಸೈಕಲ್ಲುಗಳಲ್ಲಿ ಗುಡ್ಡದ ಮಣ್ಣುದಾರಿಯೊಂದನ್ನು ಪಂತ ಕಟ್ಟಿ ಇಳಿಯತೊಡಗಿದರು. ಇಳಿದು ಮುಗಿಯುವಷ್ಟರಲ್ಲಿ ಬ್ರೇಕಿನ ಕಾವಿಗೆ ಗಾಲಿಯ ನಡುವಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತಂತೆ. ಪ್ರತಿಸಲವೂ ಹೊಸ ಗ್ರೀಸು ತುಂಬಬೇಕಾದುದರಿಂದ ಆ ದಾರಿಗೆ ‘ಮತ್ತೆ ತುಂಬು’ ಎಂಬ ಅರ್ಥದ ‘ರಿಪ್ಯಾಕ್’ ಎಂಬ ಹೆಸರೇ ನಿಂತಿತು. ಅವರ ಸೈಕಲ್ಲುಗಳಿಗೆ ನಮ್ಮ ಚಕ್ಕಡಿಗಳಂತೆಯೇ ಸ್ಪ್ರಿಂಗಿನ ಆಸರೆಯಿರಲಿಲ್ಲ. ಪೆಟ್ಟನ್ನೆಲ್ಲ ಮೈಯೇ ತಿನ್ನಬೇಕಿತ್ತು. ಇಂದಿನ ಇಳಿಜಾರಿನ ಸೈಕಲ್ಲಿನ ಹಿಂದಿನ ಗಾಲಿಯಾದರೋ ಸುಮಾರು 200 ಮಿಲಿಮೀಟರಿನಷ್ಟು, ಎಂದರೆ ಒಂದು ಗೇಣಿನಷ್ಟು, ಮೇಲೇರಿ ಇಳಿಯಬಲ್ಲದು. ಆ ಏರಿಳಿತದ ಲಗಾಮು ‘ಹಿಂದಿನ ಶಾಕ್’ ಎಂಬ ಕೊಳವೆಯ ಕೈಯಲ್ಲಿದೆ.

ಸ್ಪ್ರಿಂಗು ಪೆಟ್ಟನ್ನು ನುಂಗುತ್ತದೆಂದೇ ನಾನು ತಿಳಿದಿದ್ದೆ. ಅದು ತಪ್ಪು. ಸ್ಪ್ರಿಂಗು ಪೆಟ್ಟನ್ನು ಕೆಲಕಾಲ ಇಟ್ಟುಕೊಂಡು ಬಹುಪಾಲನ್ನು ಹಿಂದಿರುಗಿಸುತ್ತದೆ. ನಿಜವಾಗಿ ನುಂಗುವುದು ಕೊಳವೆಯೊಳಗಿನ ಎಣ್ಣೆ. ಪಿಸ್ಟನ್ನಿನ ಸಣ್ಣ ರಂಧ್ರಗಳನ್ನು ತೆಳುವಾದ ಉಕ್ಕಿನ ಬಿಲ್ಲೆಗಳು ಮುಚ್ಚಿರುತ್ತವೆ. ಎಣ್ಣೆ ಅವನ್ನು ಬಾಗಿಸಿ ನುಸುಳಿ ಹೋಗಬೇಕು. ಆ ನುಸುಳಾಟದಲ್ಲಿ ಪೆಟ್ಟಿನ ಬಲ ಕಾವಾಗಿ ಕಳೆದುಹೋಗುತ್ತದೆ. ಒತ್ತುವಾಗ ಎಷ್ಟು ತಡೆ, ಮೇಲೇಳುವಾಗ ಎಷ್ಟು ತಡೆ ಎಂಬುದನ್ನು ಈ ಬಿಲ್ಲೆಗಳ ದಪ್ಪ, ಅಗಲ, ಎಣಿಕೆಗಳು ನಿರ್ಧರಿಸುತ್ತವೆ.

ಸ್ಪ್ರಿಂಗಿನ ಬದಲು ಗಾಳಿಯನ್ನೇ ತುಂಬಿದ ಶಾಕುಗಳೂ ಉಂಟು. ಅವು ಹಗುರ, ಪಂಪಿನಿಂದ ಗಾಳಿ ಏರಿಸಿ ಇಳಿಸಿ ಯಾರ ತೂಕಕ್ಕಾದರೂ ಹೊಂದಿಸಬಹುದು, ಆಳಕ್ಕೆ ಒತ್ತಿದಂತೆಲ್ಲ ತಾವಾಗಿಯೇ ಬಿಗಿಯಾಗುತ್ತವೆ. ಆದರೆ ಉದ್ದನೆಯ ಇಳಿಜಾರಿನಲ್ಲಿ ಕಾವೇರಿದಾಗ ಒಳಗಿನ ಒತ್ತಡ ಬದಲಾಗುತ್ತದೆ. ಗಾಳಿ ಸೋರದಂತೆ ಬಿಗಿಯಾಗಿ ಕೂತ ಬಳೆಗಳಿಂದಾಗಿ ಸಣ್ಣ ಹರಳುಗಳಿಗೆ ತಟ್ಟನೆ ಓಗೊಡವು. ಉಕ್ಕಿನ ಸುರುಳಿ ಭಾರವಾದರೂ ಮೃದು; ಮೊದಲಿನಿಂದ ಕೊನೆಯವರೆಗೂ ಒಂದೇ ನಡೆ. ಒತ್ತಿದಷ್ಟಕ್ಕೆ ಸರಿಯಾಗಿ ಎದುರೊತ್ತುವ ಈ ಗುಣವನ್ನು ರಾಬರ್ಟ್ ಹುಕ್ 1678ರಷ್ಟು ಹಿಂದೆಯೇ ನಿಯಮವಾಗಿ ಸಾರಿದ್ದ. ಸುರುಳಿಯ ಕುಂದು ಒಂದೇ: ತೂಕ ಬದಲಾದರೆ ಸುರುಳಿಯನ್ನೇ ಬದಲಿಸಬೇಕು.

ಹುಡುಗನ ಸೈಕಲ್ಲಿಗಿದ್ದುದು ಸುರುಳಿ. ಅದರ ಮೇಲೆ 450 ಎಂದು ಬರೆದಿತ್ತು. ಅದನ್ನು ಒಂದು ಅಂಗುಲ ಒತ್ತಲು 450 ಪೌಂಡಿನ ಭಾರ ಬೇಕೆಂದು ಅರ್ಥ. ನಾವು ಮೊದಲು ಮಾಡಿದ ಕೆಲಸವೆಂದರೆ ಶಿರಸ್ತ್ರಾಣ, ಮೊಣಕಾಲು ಕಾಪುಗಳ ಸಮೇತ ಹುಡುಗನನ್ನು ಮೆಣಸಿನಕಾಯಿ ಚೀಲ ತೂಗುವ ಕಾಟಾದ ಮೇಲೆ ನಿಲ್ಲಿಸಿದ್ದು. ಎಲ್ಲ ಸೇರಿ 68 ಕಿಲೋ. ಆಮೇಲೆ ಅವನು ಇಳಿಯುವ ಭಂಗಿಯಲ್ಲಿ ಪೆಡಲಿನ ಮೇಲೆ ನಿಂತ. ತಂಗಿ ಹಿಡಿಕೆ ಹಿಡಿದಳು. ನಾನು ಅಳತೆಪಟ್ಟಿ ಹಿಡಿದೆ. ಸವಾರ ನಿಂತಾಗಲೇ ಶಾಕು ತನ್ನ ನಡೆಯಲ್ಲಿ ನೂರಕ್ಕೆ 30ರಷ್ಟು ಕುಸಿದಿರಬೇಕು. ಆಗಲೇ ಗಾಲಿ ತಗ್ಗಿಗಿಳಿದು ನೆಲವನ್ನು ಹಿಡಿದೀತು. ಇವನ ಶಾಕಿನ ನಡೆ 75 ಮಿ.ಮೀ.; ಕುಸಿಯಬೇಕಾದದ್ದು 22 ಅಥವಾ 23. ಕುಸಿದದ್ದು ಬರಿಯ 15!

ಹುಡುಗ ಲೆಕ್ಕ ಹಾಕಿದ. ಸವಾರನ ತೂಕದಲ್ಲಿ ನೂರಕ್ಕೆ 65ರಷ್ಟು ಹಿಂದಿನ ಗಾಲಿಗೆಂದು ಹಿಡಿದರೆ 44 ಕಿಲೋ. ಗಾಲಿ 200 ಮಿ.ಮೀ. ಚಲಿಸಿದರೆ ಶಾಕು ಚಲಿಸುವುದು 75. ಸನ್ನೆಕೋಲಿನ ನ್ಯಾಯದಂತೆ ಭಾರ 2.67 ಪಟ್ಟಾಗಿ, ಶಾಕಿನ ಮೇಲೆ ಸುಮಾರು 118 ಕಿಲೋ, ಎಂದರೆ 260 ಪೌಂಡು. ಇಷ್ಟು ಭಾರಕ್ಕೆ 22.5 ಮಿ.ಮೀ. ಕುಸಿಯಬೇಕಾದರೆ 300ರ ಸುರುಳಿ ಬೇಕು. ಅದೇ ಲೆಕ್ಕದಲ್ಲಿ ಕ್ವಿಂಟಲ್ ತೂಗುವ ಸವಾರನಿಗೆ ಎಷ್ಟು? ಸರಿಯಾಗಿ 450ರ ಆಸುಪಾಸು! ನನ್ನ ಅಳಿಯ ಒಂದು ವರ್ಷವಿಡೀ ಇನ್ನೊಬ್ಬರ ತೂಕದ ಮೇಲೆ ಸವಾರಿ ಮಾಡಿದ್ದ. ಮೃದು ಮಾಡಲೆಂದು ಸುರುಳಿಯ ತುದಿಯ ಬಳೆಯನ್ನು ಸಡಿಲಿಸಿದ್ದನಂತೆ. ಆದರೆ ಬಳೆಯಿಂದ ಸುರುಳಿಯ ಗಡಸು ಬದಲಾಗದು.

300ರ ಸುರುಳಿ ತರಿಸಿದೆವು. ಕೆರೆಯ ಏರಿಯ ಇಳುಕಲಿನಲ್ಲಿ ಸಾಲಾಗಿ ಕಲ್ಲಿಟ್ಟು ನೋಡಿದರೆ ಹೊಸದೊಂದು ತೊಡಕು. ಮೊದಲ ಕಲ್ಲಿಗೆ ಕುಸಿದ ಶಾಕು ಮೇಲೇಳುವಷ್ಟರಲ್ಲಿ ಎರಡನೆಯ ಕಲ್ಲು, ಮೂರನೆಯದು. ಸೈಕಲ್ಲು ಕುಸಿಯುತ್ತಲೇ ಹೋಯಿತು. ಹಿಂದಿನ ಒಡೆಯ ಒಳಗಿನ ಬಿಲ್ಲೆಗಳನ್ನೂ ತನ್ನ ಬಿರುಸಾದ ಸುರುಳಿಗೆ ತಕ್ಕಂತೆ ಜೋಡಿಸಿಕೊಂಡಿದ್ದ. ಬಿರುಸು ಸುರುಳಿಯನ್ನು ತಡೆಯುವ ಬಿಗಿ ಮೆತ್ತನೆಯ ಸುರುಳಿಯನ್ನು ಕಟ್ಟಿಹಾಕುತ್ತದೆ. ಹೊರಗಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರೂ ಸಾಲದು. ಶಾಕನ್ನು ಮನೆಯಲ್ಲಿ ಬಿಚ್ಚುವಂತಿಲ್ಲ. ಎಣ್ಣೆ ನೊರೆಯಾಗದಿರಲೆಂದು ಒಳಗೆ ನೈಟ್ರೋಜನ್ ಅನಿಲವನ್ನು ಭಾರಿ ಒತ್ತಡದಲ್ಲಿ ತುಂಬಿರುತ್ತಾರೆ. ಬೆಂಗಳೂರಿನ ಕುಶಲಿಯೊಬ್ಬನಿಗೆ ಕಳಿಸಿದೆವು. ಹುಡುಗನ ತೂಕ, ಸುರುಳಿ, ದಾರಿಯ ಸ್ವರೂಪ ಎಲ್ಲವನ್ನೂ ಕೇಳಿಕೊಂಡು ಅವನು ಕೆಲವು ಬಿಲ್ಲೆಗಳನ್ನು ತೆಗೆದು ತೆಳುವಾದವನ್ನು ಹಾಕಿದ.

ಅಲ್ಲಿಂದ ಮುಂದಿನದು ತಾಳ್ಮೆಯ ಕೆಲಸ. ಒಂದೇ ಇಳುಕಲು, ಅದೇ ಕಲ್ಲುಗಳು. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಎರಡು ಟಿಕ್ಕಿಗಿಂತ ಹೆಚ್ಚಿಲ್ಲ. ಫಲವನ್ನು ಕೂಡಲೇ ವಹಿಯಲ್ಲಿ ಬರೆಯುವುದು. ಇದು ನನಗೆ ಹೊಸದಲ್ಲ. ಹಸ್ತಪ್ರತಿಗಳ ಪಾಠಾಂತರ ನೋಡುವವನೂ ಎರಡು ಕಡೆ ಒಮ್ಮೆಲೇ ಕೈಹಾಕಿದರೆ ಯಾವುದರಿಂದ ಅರ್ಥ ತಿಳಿಯಾಯಿತೆಂದು ಹೇಳಲಾರ. ಮೂರನೆಯ ಸಂಜೆ ಹಿಂದಿನ ಗಾಲಿ ಕಲ್ಲಿನ ಸಾಲನ್ನು ಸವರಿಕೊಂಡು ಇಳಿಯಿತು, ಪುಟಿಯಲಿಲ್ಲ.

ಏರಿಯ ಮೇಲೆ ಸೆರಗು ಬಿಗಿಹಿಡಿದು ನಿಂತಿದ್ದ ತಂಗಿ ಕೇಳಿದಳು: “ಇನ್ನ ಬೀಳೂದಿಲ್ಲೇನೋ?”

“ಬೀಳಬಹುದು ಅವ್ವಾ. ಆದ್ರ ಇನ್ನ ಮ್ಯಾಲೆ ಬಿದ್ರ ನನ್ನ ತಪ್ಪಿಗೆ ನಾ ಬೀಳ್ತೀನಿ.”

ಅವಳು ಉತ್ತರ ಕೊಡಲಿಲ್ಲ. ಮಾರು ಎಂದೂ ಅನ್ನಲಿಲ್ಲ. ಮರುವಾರ ಕಾಲೇಜು ತೆರೆಯಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಉತ್ತರಪತ್ರಿಕೆ ಹಿಡಿದು ಬಂದು, ತನಗೆ ಹಳಗನ್ನಡ ಹತ್ತುವುದೇ ಇಲ್ಲ ಸರ್ ಎಂದ. ಅವನನ್ನು ಕೂಡ್ರಿಸಿಕೊಂಡು, ಇದುವರೆಗೆ ನಾನು ಯಾರ ತೂಕಕ್ಕೆ ಪಾಠ ಹೇಳುತ್ತಿದ್ದೆನೆಂದು ಮೊದಲ ಸಲ ಲೆಕ್ಕ ಹಾಕಿದೆ.